ಕಾಡುಗೋಡಿ: ಜನ್ಮಾಂತರದ ಕಥೆಗಳಿಗೊಂದು ನಿಲ್ದಾಣ

ಬೆಂಗಳೂರಿನ ನೇರಳೆ ಮಾರ್ಗದ ಮೆಟ್ರೊ ರೈಲು ಪೂರ್ವ ದಿಕ್ಕಿನಲ್ಲಿ ಎಲ್ಲಿ ಹೋಗಿ ನಿಲ್ಲುತ್ತದೋ ಆ ನಿಲ್ದಾಣಕ್ಕೆ ಎರಡು ಹೆಸರು. ‘ವೈಟ್‌ಫೀಲ್ಡ್’ ಎಂದು ಮೊದಲು. ಅದರ ಮಗ್ಗುಲಲ್ಲಿ ಆವರಣ ಚಿಹ್ನೆಯೊಳಗೆ ‘ಕಾಡುಗೋಡಿ’. ನಿಲ್ದಾಣ ನಿಂತಿರುವ ನೆಲ ಕಾಡುಗೋಡಿಯದು. ದೊಡ್ಡ ಅಕ್ಷರದ ಹೆಸರು ಮಾತ್ರ ನೆರೆಯೂರಿನದು. ಹತ್ತಿರದಲ್ಲೇ ಇರುವ ರೈಲ್ವೆ ಸ್ಟೇಷನ್ನಿನ ಪಾಡೂ ಇದೇ. ಅಲ್ಲಂತೂ ಆವರಣದ ಮರ್ಯಾದೆಯೂ ಇಲ್ಲ, ವೈಟ್‌ಫೀಲ್ಡ್ ಎಂದಷ್ಟೇ ಬರೆದಿದೆ. ಮೆಜೆಸ್ಟಿಕ್ಕಿನಿಂದ ಬರುವ 335-ಇ ಬಸ್ಸಿನ ಹಣೆಯ ಮೇಲೆ ಮಾತ್ರ ಕಾಡುಗೋಡಿ ಎಂದು ರಾಜಾರೋಷವಾಗಿ ಇದೆ. ಬಸ್ಸಿನವರಿಗೆ ಹಳೆಯ ಹೆಸರಿನ ಮೇಲೆ ಪ್ರೀತಿ ಎನ್ನಬೇಕು.

ಹೆಸರಿನ ಮಾತು ಇಷ್ಟೇಕೆಂದರೆ, ಈ ಊರಿಗೆ ಹಿಂದಿನ ಜನ್ಮಗಳು ಬಹಳ. 1043ರ ಒಂದು ತಮಿಳು ಶಾಸನ ಇಲ್ಲಿದೆ. 1864ರಲ್ಲಿ ಬೆಂಗಳೂರು-ಜೋಲಾರಪೇಟೆ ರೈಲು ಮಾರ್ಗ ಈ ಸೀಮೆಯ ನಡುವೆ ಹಾದುಹೋಯಿತು. 1882ರಲ್ಲಿ ಮೈಸೂರು ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರ ವಸಾಹತಿಗೆಂದು 3,900 ಎಕರೆ ಕೊಟ್ಟರು. ಅದರ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿನ ಹೆಸರಾಯಿತು. 1896ರಲ್ಲಿ ಕಾಡುಗೋಡಿ ಪ್ಲಾಂಟೇಶನ್ ಅರಣ್ಯವೆಂದು ಘೋಷಣೆಯಾಯಿತು. ಆಮೇಲೆ ಕಾರ್ಖಾನೆಗಳು, 1990ರ ದಶಕದ ಕೊನೆಗೆ ಪಟ್ಟಂದೂರು ಅಗ್ರಹಾರದ ಹೊಲಗಳಲ್ಲಿ ಐಟಿಪಿಎಲ್‌ನ ಗಾಜಿನ ಕಟ್ಟಡಗಳು. 2023ರ ಮಾರ್ಚಿಯಲ್ಲಿ ಮೆಟ್ರೊ ಬಂತು. ಅದೇ ಅಕ್ಟೋಬರಿನಲ್ಲಿ ಚಲ್ಲಘಟ್ಟದವರೆಗೆ 43 ಕಿಲೋಮೀಟರಿಗೂ ಹೆಚ್ಚಿನ ದಾರಿ ಒಂದೇ ಎಳೆಯಾಯಿತು. ಒಂದು ಜನ್ಮದಲ್ಲಿ ರಾಗಿ ಹೊಲ, ಇನ್ನೊಂದರಲ್ಲಿ ನೀಲಗಿರಿ ತೋಪು, ಮತ್ತೊಂದರಲ್ಲಿ ಸಾಫ್ಟ್‌ವೇರು.

ಪುನರ್ಜನ್ಮ ಎಂಬ ಮಾತು ಕಾಡುಗೋಡಿಗೆ ಬರೀ ಉಪಮೆಯಲ್ಲ. ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ದೂರದಲ್ಲಿ ಬೃಂದಾವನ ಇದೆ. ಸತ್ಯಸಾಯಿಬಾಬಾ ಪುಟ್ಟಪರ್ತಿಯ ಬಿಸಿಲು ಏರಿದಾಗ ಬಂದು ಇರುತ್ತಿದ್ದ ಜಾಗ. 1969ರಲ್ಲಿ ಇಲ್ಲಿ ಕಾಲೇಜು ಆರಂಭವಾಯಿತು, 1972ರಿಂದ ಬೇಸಿಗೆ ಶಿಬಿರಗಳು. 1926ರಲ್ಲಿ ಹುಟ್ಟಿದ ಬಾಬಾ, ತಾನು 1918ರಲ್ಲಿ ತೀರಿಕೊಂಡ ಶಿರಡಿ ಸಾಯಿಬಾಬಾರ ಮರುಹುಟ್ಟೆಂದು 1940ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ ಹೇಳಿದ್ದರು. ನಂಬಿದವರು ಲಕ್ಷಗಟ್ಟಲೆ. ಪ್ರಶ್ನಿಸಿದವರೂ ಇದ್ದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆಂದೇ ಸಮಿತಿ ರಚಿಸಿ, ಬಾಬಾಗೆ ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. ಆದರೂ ಒಂದು ವಿಶ್ವವಿದ್ಯಾಲಯ ಇಂಥ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿತ್ತು ಎಂಬುದೇ ಆ ಕಾಲದ ದೊಡ್ಡ ಸುದ್ದಿ.

2011ರ ಏಪ್ರಿಲ್ 24ರಂದು ಬಾಬಾ ತೀರಿಕೊಂಡರು. ಮೂರನೆಯ ಅವತಾರ ಕರ್ನಾಟಕದಲ್ಲೇ, ಮಂಡ್ಯ ಸೀಮೆಯಲ್ಲಿ ಆಗುತ್ತದೆಂಬುದು ಭಕ್ತರ ನಂಬಿಕೆ. ಹೀಗಾಗಿ ಬೃಂದಾವನಕ್ಕೆ ಬಂದು ಕಣ್ಣುಮುಚ್ಚಿ ಕೂರುವವರಲ್ಲಿ ಹೋದವರನ್ನು ನೆನೆಯುವವರೂ ಇದ್ದಾರೆ, ಬರುವವರಿಗಾಗಿ ಕಾಯುವವರೂ ಇದ್ದಾರೆ. ಈ ಕಾಯುವಿಕೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಮುಂದೆ ಬರುವ ಕಥೆಗಳಲ್ಲೆಲ್ಲ ಅದೇ ಮುಖ್ಯ.

ಕಥೆಗಳೆಂದರೆ ಪ್ರೇಮಕಥೆಗಳು. ಗುರುವಿನ ಮರುಹುಟ್ಟಿಗಿಂತ ನಲ್ಲನ ಮರುಹುಟ್ಟು ಕನ್ನಡದ ಓದುಗರಿಗೆ ಹೆಚ್ಚು ಬಳಕೆಯ ವಸ್ತು. ಕಾಡುಗೋಡಿಯಿಂದ ಬೆಳಿಗ್ಗೆ ಹೊರಡುವ ಮೆಟ್ರೊದಲ್ಲಿ ಸೀಟು ಸಿಕ್ಕವರು ಮೊಬೈಲಿನಲ್ಲಿ ಓದುವ ಧಾರಾವಾಹಿಗಳಲ್ಲಿ ಇದು ಇದ್ದೇ ಇರುತ್ತದೆ: ಇಬ್ಬರು ಅಪರಿಚಿತರು, ಒಂದು ಹಳೆಯ ಅರಮನೆ, ಕನಸಿನಲ್ಲಿ ಕಾಣುವ ಮುಖ, ಹಿಂದಿನ ಜನ್ಮದಲ್ಲಿ ಅರ್ಧಕ್ಕೆ ನಿಂತ ಪ್ರೀತಿ, ಈ ಜನ್ಮದಲ್ಲಿ ಮದುವೆ. ಅವರ ಅಪ್ಪ ಅಮ್ಮ ಇದನ್ನೇ ಸಿನಿಮಾದಲ್ಲಿ ನೋಡಿದ್ದರು. 1958ರ ಹಿಂದಿ ‘ಮಧುಮತಿ’ಯಿಂದ ಶಂಕರ್‌ನಾಗ್ ನಿರ್ದೇಶಿಸಿದ 1980ರ ‘ಜನ್ಮ ಜನ್ಮದ ಅನುಬಂಧ’ದವರೆಗೆ ಈ ಎಳೆ ಹರಿದಿದೆ. ಇಂಗ್ಲಿಷಿನಲ್ಲಿ ರೈಡರ್ ಹ್ಯಾಗರ್ಡ್ 1887ರಲ್ಲೇ ‘ಷಿ’ ಎಂಬ ಕಾದಂಬರಿ ಬರೆದು, ಸತ್ತ ನಲ್ಲನ ಮರುಹುಟ್ಟಿಗಾಗಿ ಎರಡು ಸಾವಿರ ವರ್ಷ ಕಾದ ರಾಣಿಯನ್ನು ಸೃಷ್ಟಿಸಿದ್ದ.

ಇಂಥ ಪುಸ್ತಕ ಕಂಡರೆ ಮೂಗು ಮುರಿಯುವ ವಿದ್ವಾಂಸರಿಗೆ ಒಂದು ಮಾತು ಹೇಳಬೇಕು. ‘ಕಾದಂಬರಿ’ ಎಂಬ ಶಬ್ದವನ್ನೇ ನೋಡಿ. ಹಿಂದಿಯವರು ಉಪನ್ಯಾಸ ಎಂದರು, ತೆಲುಗರು ನವಲ ಎಂದರು. ಕನ್ನಡಿಗರು ಮತ್ತು ಮರಾಠಿಗರು ಆ ಸಾಹಿತ್ಯ ಪ್ರಕಾರಕ್ಕೆ ಒಬ್ಬ ಹೆಣ್ಣಿನ ಹೆಸರಿಟ್ಟರು. ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟನ ಗದ್ಯಕಾವ್ಯದ ನಾಯಕಿ ಆಕೆ. ಬಾಣ ಅದನ್ನು ಮುಗಿಸದೆ ತೀರಿಕೊಂಡ, ಮಗ ಪೂರ್ತಿ ಮಾಡಿದ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಅದನ್ನು ಚಂಪೂ ರೂಪದಲ್ಲಿ ಕನ್ನಡಕ್ಕೆ ತಂದ. ಆ ಕಥೆಯ ವಸ್ತುವಾದರೂ ಏನು? ಜನ್ಮದಿಂದ ಜನ್ಮಕ್ಕೆ ದಾಟುವ ಪ್ರೀತಿ! ಹಾಗಾಗಿ ಇಂದು ಯಾರೇ ಕನ್ನಡದಲ್ಲಿ ನಾವೆಲ್ ಬರೆಯಲಿ, ಪತ್ತೇದಾರಿಯೋ ಸಾಮಾಜಿಕವೋ, ಅದರ ಹೆಸರಿನೊಳಗೆ ಒಂದು ಪುನರ್ಜನ್ಮದ ಪ್ರೇಮಕಥೆ ಅಡಗಿ ಕೂತಿದೆ.

ಆ ಕಥೆಯಲ್ಲಿ ಎರಡು ಜೋಡಿ. ಅಚ್ಛೋದ ಸರೋವರದ ದಡದಲ್ಲಿ ಮಹಾಶ್ವೇತೆ, ಪುಂಡರೀಕ ಎಂಬ ಋಷಿಕುಮಾರನನ್ನು ಕಾಣುತ್ತಾಳೆ. ವಿರಹ ತಾಳದೆ ಆತ ಸಾಯುತ್ತಾನೆ. ಆಕಾಶದಿಂದಿಳಿದ ಪುರುಷನೊಬ್ಬ ಹೆಣವನ್ನೆತ್ತಿಕೊಂಡು ಹೋಗುತ್ತ, ಮತ್ತೆ ಸೇರುವಿರಿ, ಸಾಯಬೇಡ ಎನ್ನುತ್ತಾನೆ. ಆಕೆ ಬಿಳಿ ಬಟ್ಟೆಯುಟ್ಟು, ವೀಣೆ ಹಿಡಿದು, ಅಲ್ಲೇ ತಪಸ್ಸಿಗೆ ಕೂರುತ್ತಾಳೆ. ಗೆಳತಿಯ ದುಃಖ ಮುಗಿಯದೆ ತಾನು ಮದುವೆಯಾಗೆನೆಂದು ಕಾದಂಬರಿ ಹಟ ಹಿಡಿಯುತ್ತಾಳೆ. ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡ ಬಂದು ಆಕೆಯ ಮನಸ್ಸು ಗೆದ್ದು, ಊರಿನ ಕರೆಗೆ ಹಿಂತಿರುಗುತ್ತಾನೆ. ಹಿಂದೆ ಉಳಿದ ಅವನ ಗೆಳೆಯ ವೈಶಂಪಾಯನ ಸರೋವರದ ದಡಕ್ಕೆ ಬಂದಾಗ ಯಾಕೆಂದು ತನಗೇ ತಿಳಿಯದೆ ಮಹಾಶ್ವೇತೆಯ ಬೆನ್ನು ಹತ್ತುತ್ತಾನೆ. ಆಕೆ ಸಿಟ್ಟಿನಿಂದ ಗಿಳಿಯಾಗು ಎಂದು ಶಪಿಸುತ್ತಾಳೆ. ಅವನೇ ಮರುಹುಟ್ಟಿದ ಪುಂಡರೀಕ. ಯಾರಿಗಾಗಿ ವರ್ಷಗಟ್ಟಲೆ ಕಾದಳೋ ಅವನು ಎದುರಿಗೆ ಬಂದು ನಿಂತಾಗ ಆಕೆಗೆ ಗುರುತು ಸಿಗಲಿಲ್ಲ! ಗೆಳೆಯನ ಸಾವಿನ ಸುದ್ದಿಗೆ ಚಂದ್ರಾಪೀಡನ ಎದೆಯೊಡೆಯುತ್ತದೆ. ಕಾದಂಬರಿ ಅವನ ಕೆಡದ ದೇಹವನ್ನು ಕಾಯುತ್ತ ಕೂರುತ್ತಾಳೆ. ಅವನು ಅತ್ತ ಶೂದ್ರಕನೆಂಬ ರಾಜನಾಗಿ ಹುಟ್ಟಿ, ಹಿಂದಿನದೇನೂ ನೆನಪಿಲ್ಲದೆ, ಸಭೆಗೆ ತಂದ ಒಂದು ಗಿಳಿಯ ಬಾಯಿಂದ ತನ್ನದೇ ಕಥೆಯನ್ನು ಕೇಳುತ್ತಾನೆ.

ಕೊನೆಗೆಲ್ಲ ಸುಖಾಂತ್ಯ. ಆದರೆ ಹೆಂಗಸರಿಬ್ಬರೂ ಎಲ್ಲ ನೆನಪನ್ನೂ ಹೊತ್ತು ಒಂದೇ ಜನ್ಮದಲ್ಲಿ ಉಳಿದರು; ಸತ್ತು ಹುಟ್ಟುತ್ತ ಮರೆಯುತ್ತ ಹೋದವರು ಗಂಡಸರು. ಸಾಯುವುದು ಸುಲಭದ ಪಾಲು, ಕಾಯುವುದು ಕಷ್ಟದ್ದು ಎಂಬುದು ಬಾಣನಿಗೆ ಗೊತ್ತಿತ್ತು. ಈಗಿನ ಧಾರಾವಾಹಿ ಬರೆಯುವವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. ಅವರು ಇಬ್ಬರನ್ನೂ ಒಟ್ಟಿಗೆ ಕೊಂದು, ಒಟ್ಟಿಗೆ ಹುಟ್ಟಿಸಿ, ಒಂದೇ ಕಾಲೇಜಿಗೆ ಸೇರಿಸಿಬಿಡುತ್ತಾರೆ.

ಶ್ರೀಮತಿಯ ಚಿತ್ರಪಟ

ನಾಗವರ್ಮನಿಗೂ ಮುಂಚೆ, 941ರಲ್ಲಿ, ಪಂಪನ ‘ಆದಿಪುರಾಣ’ ಇದೆ. ಜೈನರ ಮೊದಲ ತೀರ್ಥಂಕರನ ಹತ್ತು ಹಿಂದಿನ ಭವಗಳನ್ನು ಹೇಳುವ ಧರ್ಮಗ್ರಂಥವೆಂದು ಅದನ್ನು ಪಾಠಪಟ್ಟಿಯಲ್ಲಿ ಭಕ್ತಿಯಿಂದ ಇಟ್ಟಿರುತ್ತಾರೆ. ಅದರ ಹೃದಯದಲ್ಲಿರುವುದು ಒಂದು ಪ್ರೇಮಕಥೆ ಎಂಬುದನ್ನು ತರಗತಿಯಲ್ಲಿ ಅಷ್ಟು ಬಿಡಿಸಿ ಹೇಳುವುದಿಲ್ಲ.

ಸ್ವರ್ಗದಲ್ಲಿ ಲಲಿತಾಂಗನೆಂಬ ದೇವ, ಅವನ ಮಡದಿ ಸ್ವಯಂಪ್ರಭೆ. ಪಂಪನ ಸ್ವರ್ಗದಲ್ಲಿ ದೇವತೆಗಳಿಗೂ ಆಯುಷ್ಯದ ಲೆಕ್ಕ ಉಂಟು. ಕೊರಳ ಹಾರ ಬಾಡಿದರೆ ಮುಗಿಯಿತು. ಲಲಿತಾಂಗ ಹೋಗುತ್ತಾನೆ, ಅವಳೂ ಹಿಂದೆಯೇ. ಅವನು ವಜ್ರಜಂಘನೆಂಬ ರಾಜಕುಮಾರನಾಗಿ, ಅವಳು ಪುಂಡರೀಕಿಣಿ ಪಟ್ಟಣದಲ್ಲಿ ಶ್ರೀಮತಿಯೆಂಬ ಚಕ್ರವರ್ತಿಯ ಮಗಳಾಗಿ ಹುಟ್ಟುತ್ತಾರೆ. ಒಂದು ದಿನ ಆಕಾಶದಲ್ಲಿ ದೇವತೆಗಳು ಹೋಗುವುದನ್ನು ಕಂಡು ಶ್ರೀಮತಿಗೆ ಹಿಂದಿನದೆಲ್ಲ ನುಗ್ಗಿ ಬಂದು ಮೂರ್ಛೆ ಹೋಗುತ್ತಾಳೆ. ಎದ್ದವಳು ಮಾತು ಬಿಡುತ್ತಾಳೆ. ದಾದಿ ಪಂಡಿತೆ ಹೇಗೋ ಬಾಯಿ ಬಿಡಿಸುತ್ತಾಳೆ. ಶ್ರೀಮತಿ ಹಿಂದಿನ ಜನ್ಮವನ್ನು ಪಟದ ಮೇಲೆ ಬರೆಯುತ್ತಾಳೆ. ಪಂಡಿತೆ ಅದನ್ನು ಜಿನಾಲಯದಲ್ಲಿ ತೂಗುಹಾಕಿ ಕಾವಲು ಕೂರುತ್ತಾಳೆ. ಚಕ್ರವರ್ತಿಯ ಮಗಳು ಸಿಗುತ್ತಾಳೆಂದರೆ ಸುಮ್ಮನಿರುವವರಾರು? ನಾನೇ ಅವನು ಎಂದು ಬಂದ ಸುಳ್ಳರಿಗೆಲ್ಲ ಪಂಡಿತೆ ಚಿತ್ರದ ಒಳಗುಟ್ಟು ಕೇಳಿ ನಗೆಪಾಟಲು ಮಾಡುತ್ತಾಳೆ. ಇದೊಂದು ಪರೀಕ್ಷೆ, ಒಳ್ಳೆಯ ಪರೀಕ್ಷೆಯೇ. ಉತ್ತರ ಗೊತ್ತಿರುವವನಿಗೆ ಮಾತ್ರ ಉತ್ತರಿಸಲು ಬರುವಂಥ ಪ್ರಶ್ನೆ. ವಜ್ರಜಂಘ ಬಂದವನು ಪಟ ನೋಡಿ ಕುಸಿಯುತ್ತಾನೆ.

ಮದುವೆಯಾಯಿತು, ರಾಜ್ಯವಾಳಿದರು. ಇನ್ನು ಅವರ ಸಾವು. ಮಲಗುವ ಕೋಣೆಯಲ್ಲಿ ಸುವಾಸನೆಗೆಂದು ಕಾಳಾಗರು ಧೂಪ ಹಾಕಿದ್ದರು. ಪರಿಚಾರಕರು ಅಂದು ಗವಾಕ್ಷಿ ತೆರೆಯಲು ಮರೆತರು. ಬೆಳಗಾಗುವಷ್ಟರಲ್ಲಿ ದಂಪತಿಗಳು ಒಬ್ಬರನ್ನೊಬ್ಬರು ತಬ್ಬಿದಂತೆಯೇ ಸತ್ತಿದ್ದರು. ಹೈಸ್ಕೂಲಿನ ರಸಾಯನಶಾಸ್ತ್ರದ ಪುಸ್ತಕ ತೆರೆದವರಿಗೆ ಇದು ಕವಿಯ ಕಲ್ಪನೆ ಎನಿಸುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ನಿದ್ರೆಯಲ್ಲಿದ್ದವರು ಎಚ್ಚರಗೊಳ್ಳುವುದೇ ಇಲ್ಲ. ಉತ್ತರ ಭಾರತದಲ್ಲಿ ಚಳಿಗಾಲ ಬಂತೆಂದರೆ ಇದ್ದಿಲ ಒಲೆಯಿಟ್ಟು ಬಾಗಿಲು ಹಾಕಿ ಮಲಗಿದವರ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತದೆ. ಕಿಟಕಿ ಮರೆತ ಆಳಿನಿಂದಾಗಿ ಮುಗಿದ ಸಂಸಾರವನ್ನು ಪಂಪ ಪ್ರಣಯದ ಶಿಖರವಾಗಿ ಬರೆದ.

ಕಥೆ ಮುಂದುವರಿಯುತ್ತದೆ. ಸಿನಿಮಾದವರಾಗಿದ್ದರೆ ಮತ್ತೊಂದು ಜನ್ಮ, ಮತ್ತೊಂದು ಮದುವೆ. ಪಂಪನ ದಾರಿ ಬೇರೆ. ಭೋಗಭೂಮಿಯಲ್ಲಿ ಇನ್ನೊಮ್ಮೆ ಗಂಡಹೆಂಡತಿಯಾದ ಮೇಲೆ ನಂಟಿನ ರೂಪವೇ ಬದಲಾಗುತ್ತದೆ. ಸ್ವರ್ಗದಲ್ಲಿ ಇಬ್ಬರೂ ದೇವರು. ಬಳಿಕ ಅವನು ಸುವಿಧಿಯೆಂಬ ರಾಜ. ಅವಳು ಅವನಿಗೆ ಮಗ! ಕೇಶವನೆಂಬ ಆ ಮಗನ ಮೇಲಿನ ಮಮತೆಯಿಂದ ರಾಜನಿಗೆ ಸಂನ್ಯಾಸ ತೆಗೆದುಕೊಳ್ಳಲು ಕಾಲೇಳುವುದಿಲ್ಲ. ಮುಂದೊಂದು ಭವದಲ್ಲಿ ಅವನು ಚಕ್ರವರ್ತಿ, ಅವಳು ಅವನ ಪರಿವಾರದ ಧನದೇವ. ಕಟ್ಟಕಡೆಗೆ ಅವನು ಆದಿನಾಥ. ಎಲ್ಲ ಬಿಟ್ಟು, ಮೌನದಿಂದ, ಆಹಾರಕ್ಕಾಗಿ ಊರೂರು ಅಲೆಯುತ್ತಾನೆ. ಜೈನಮುನಿಗೆ ಅನ್ನ ಕೊಡುವ ಕ್ರಮ ಯಾರಿಗೂ ಗೊತ್ತಿಲ್ಲ. ಜನ ರತ್ನ ತರುತ್ತಾರೆ, ಆನೆ ಕುದುರೆ ತರುತ್ತಾರೆ. ಹಸ್ತಿನಾಪುರದಲ್ಲಿ ಶ್ರೇಯಾಂಸನೆಂಬ ರಾಜಕುಮಾರನಿಗೆ ಅವನನ್ನು ಕಂಡೊಡನೆ ತಾನು ಶ್ರೀಮತಿಯಾಗಿದ್ದು, ಗಂಡನ ಜೊತೆ ಕಾಡಿನಲ್ಲಿ ಮುನಿಗಳಿಗೆ ಉಣಬಡಿಸಿದ್ದು ನೆನಪಾಗುತ್ತದೆ. ಅವನು ಕಬ್ಬಿನ ರಸವನ್ನು ಅಂಗೈಗೆ ಎರೆಯುತ್ತಾನೆ.

ಅದು ಅಕ್ಷಯ ತೃತೀಯ. ಇಂದು ಆ ದಿನ ವೈಟ್‌ಫೀಲ್ಡಿನ ಒಡವೆ ಅಂಗಡಿಗಳಲ್ಲಿ ನಿಲ್ಲಲು ಜಾಗವಿರುವುದಿಲ್ಲ. ವರ್ಷವಿಡೀ ದಿನ ಬಿಟ್ಟು ದಿನ ಉಪವಾಸ ಮಾಡಿದ ಜೈನರು ಮಾತ್ರ ಅಂದು ಕಬ್ಬಿನ ರಸ ಕುಡಿದು ವ್ರತ ಬಿಡುತ್ತಾರೆ. ಹಲವು ಜನ್ಮ ದಾಟಿ ಬಂದ ಪ್ರೀತಿ ಒಂದು ಬೊಗಸೆ ರಸವಾಗಿ ಮುಗಿದದ್ದು ಹೀಗೆ. ಶ್ರೇಯಾಂಸ ತನ್ನ ಗುರುತು ಹೇಳಿ ಆದಿನಾಥನನ್ನು ಹಿಡಿದು ನಿಲ್ಲಿಸಲಿಲ್ಲ. ಹಸಿದಿದ್ದ ಅವನಿಗೆ ಉಣಿಸಿ, ದಾರಿ ಬಿಟ್ಟ.

ಕಲ್ಲಿಗಿರುವ ನೆನಪು

ಕಾಡುಗೋಡಿಯ ಹಳೆಯ ಊರಿನ ಕಾಶಿ ವಿಶ್ವೇಶ್ವರ ದೇವಸ್ಥಾನದ ಶಾಸನ ಪಂಪನಿಗಿಂತ ನೂರು ವರ್ಷ ಕಿರಿಯದು, ನಾಗವರ್ಮನಿಗೆ ಸುಮಾರು ಅರ್ಧ ಶತಮಾನ. ಗಂಗವಾಡಿ ಆಗ ಚೋಳರ ಕೈಸೇರಿತ್ತು. ಶಾಸನ ಒಂದನೆಯ ರಾಜೇಂದ್ರ ಚೋಳನ ಕಾಲದ್ದು. ಪಟ್ಟಂದೂರು ಕೆರೆ ಕಟ್ಟಿಸಿ ತೂಬು ಇಡಿಸಿದ್ದನ್ನೂ, ಗಣಪತಿ, ದುರ್ಗೆ, ಕ್ಷೇತ್ರಪಾಲರ ಗುಡಿಗಳನ್ನು ಮಾಡಿಸಿದ್ದನ್ನೂ ಅದು ಹೇಳುತ್ತದೆ. ಕೆರೆ ಕಟ್ಟಿದವರು ಕಲ್ಲಿನಲ್ಲಿ ಬರೆಸಿದ್ದು, ಮುಂದೆ ಹುಟ್ಟುವವರು ತೂಬನ್ನು ಕಾಪಾಡಲಿ ಎಂದು.

ಆ ಪಟ್ಟಂದೂರಿನ ನೆಲದಲ್ಲೇ ಐಟಿಪಿಎಲ್ ನಿಂತಿದೆ. ಅಲ್ಲಿಗೆ ದಿನವೂ ಬರುವ ಸಾವಿರಾರು ಮಂದಿಯಲ್ಲಿ ಎಷ್ಟು ಜನಕ್ಕೆ ತಾವು ಒಂದು ಸಾವಿರ ವರ್ಷ ಹಳೆಯ ಕೆರೆಯ ಊರಿಗೆ ಬರುತ್ತಿದ್ದೇವೆಂದು ಗೊತ್ತು? ಅವರನ್ನು ದೂರಬೇಕಿಲ್ಲ. ಗುಂಟೂರಿನಿಂದಲೋ ಕಲಬುರಗಿಯಿಂದಲೋ ಪಟ್ನಾದಿಂದಲೋ ಬಂದವರು ಅವರು. ಒಂದು ಬದುಕನ್ನು ಹಿಂದೆ ಬಿಟ್ಟು ಇಲ್ಲಿ ಇನ್ನೊಂದಕ್ಕೆ ಹುಟ್ಟಿದವರು. ಶ್ರೀಮತಿಗೆ ಪಂಡಿತೆ ಇದ್ದಂತೆ ಪಟವನ್ನು ತೂಗುಹಾಕಿ, ನೋಡಿ, ಗುರುತಿದೆಯೇ ಎಂದು ಕೇಳುವವರು ಊರಿಗೂ ಬೇಕು. ಮೆಟ್ರೊ ನಿಲ್ದಾಣದೊಳಗೆ ಜಾಹೀರಾತಿಗೆ ಇಷ್ಟೊಂದು ಗೋಡೆಗಳಿವೆ. ಒಂದರ ಮೇಲೆ ಶಾಸನದ ಪಡಿಯಚ್ಚು, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಅರ್ಥ ಹಾಕಿದರೆ ಯಾರ ಗಂಟು ಹೋಗುತ್ತದೆ?

ಗುರುತಿನ ಪ್ರಶ್ನೆಯನ್ನು ವಿಜ್ಞಾನವೂ ಕೈಗೆತ್ತಿಕೊಂಡಿದೆ, ಅದೂ ಬೆಂಗಳೂರಿನಲ್ಲೇ. ನಿಮ್ಹಾನ್ಸ್‌ನ ಮನೋವಿಜ್ಞಾನಿ ಡಾ. ಸತ್ವಂತ್ ಪಸ್ರೀಚಾ ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳನ್ನು ಹುಡುಕಿ, ಮನೆಮನೆ ತಿರುಗಿ ದಾಖಲೆ ಮಾಡಿದರು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್ ಅವರ ಜೊತೆ ಕೆಲಸ ಮಾಡಿದವರು ಅವರು. ಅವರ ಪುಸ್ತಕ 1990ರಲ್ಲಿ ಬಂತು. ಇಂಥ ಮಕ್ಕಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದೊಳಗೆ ಮಾತು ಶುರುಮಾಡಿ, ಎಂಟು ವರ್ಷವಾಗುವ ಹೊತ್ತಿಗೆ ಮರೆತುಬಿಡುತ್ತಾರೆಂದು ಈ ಅಧ್ಯಯನಗಳು ಹೇಳುತ್ತವೆ. 2001ರಲ್ಲಿ ಪಸ್ರೀಚಾ ಇನ್ನೊಂದು ಪ್ರಶ್ನೆ ಎತ್ತಿದರು: ಉತ್ತರ ಭಾರತದಲ್ಲಿ ಇಷ್ಟೊಂದು ಸಿಗುವ ಪ್ರಕರಣಗಳು ದಕ್ಷಿಣದಲ್ಲಿ ಇಷ್ಟು ಕಡಿಮೆ ಏಕೆ? ಜೀವ ವಿಂಧ್ಯ ದಾಟುವಾಗ ಸ್ವಭಾವ ಬದಲಿಸುತ್ತದೆಯೋ, ಅಥವಾ ಮಕ್ಕಳ ಮಾತಿಗೆ ದೊಡ್ಡವರು ಕಿವಿಗೊಡುವ ರೀತಿ ಬೇರೆಯೋ? ಎರಡು ಮನೆಯವರು ಭೇಟಿಯಾದ ಮೇಲೆ ಬರೆದುಕೊಂಡ ನೆನಪಿನಲ್ಲಿ ಮಗು ಹೇಳಿದ್ದೆಷ್ಟು, ಕೇಳಿದವರು ತುಂಬಿಸಿದ್ದೆಷ್ಟು ಎಂದು ಬೇರ್ಪಡಿಸಲಾಗದು ಎಂಬುದು ವಿಮರ್ಶಕರ ಆಕ್ಷೇಪ. ಅದು ಬಲವಾದ ಆಕ್ಷೇಪವೇ.

ನಿಜವೋ ಸುಳ್ಳೋ ಇರಲಿ, ಅಂಥ ನೆನಪಿನಿಂದ ಬದುಕು ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಶಾಂತಿದೇವಿಯ ಪ್ರಕರಣವಿದೆ. 1926ರಲ್ಲಿ ಹುಟ್ಟಿದ ಆ ಹುಡುಗಿ, ತನ್ನ ಮನೆ ಮಥುರೆಯಲ್ಲಿದೆ, ಗಂಡನಿದ್ದಾನೆ ಎಂದು ಎಳವೆಯಲ್ಲೇ ಹೇಳತೊಡಗಿದಳು. ವಿಚಾರಿಸಿದಾಗ ಕೇದಾರನಾಥ ಚೌಬೆ ಎಂಬ ವ್ಯಾಪಾರಿ ಸಿಕ್ಕರು. ಅವರ ಹೆಂಡತಿ ಲುಗ್ದಿ 1925ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡಿದ್ದರು. 1935ರಲ್ಲಿ ಗಣ್ಯರ ಸಮಿತಿಯೊಂದು ಹುಡುಗಿಯನ್ನು ಮಥುರೆಗೆ ಕರೆದೊಯ್ಯಿತು. ಮರುವರ್ಷ ವರದಿಯೂ ಅಚ್ಚಾಯಿತು. ದೇಶವಿದೇಶದ ಪತ್ರಿಕೆಗಳು ಬೆರಗಾದವು. ಆದರೆ ಕೇದಾರನಾಥರು ಆಗಲೇ ಮರುಮದುವೆಯಾಗಿದ್ದರು. ‘ಮಗ’ ಎಂದು ಆಕೆ ಅಪ್ಪಿಕೊಂಡ ಹುಡುಗ ವಯಸ್ಸಿನಲ್ಲಿ ಆಕೆಗಿಂತ ದೊಡ್ಡವನು. ಒಂಬತ್ತು ವರ್ಷದ ಹುಡುಗಿಗೆ ಆ ಮನೆಯಲ್ಲಿ ಯಾವ ಜಾಗ? ಶಾಂತಿದೇವಿ ದೆಹಲಿಗೆ ಮರಳಿದಳು. ಕೊನೆಯವರೆಗೂ ಮದುವೆಯಾಗಲಿಲ್ಲ. 1987ರಲ್ಲಿ ತೀರಿಕೊಂಡಳು. ಹಿಂದಿನ ಜನ್ಮವೆಂಬುದು ಅವಳಿಗೆ ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು.

ಕೇದಾರನಾಥರ ಜಾಗದಲ್ಲಿ ಒಬ್ಬ ವಿಧವೆಯನ್ನು ಇಟ್ಟು ನೋಡಿದರೆ ಎಸ್.ಎಲ್. ಭೈರಪ್ಪನವರ ‘ನಾಯಿ ನೆರಳು’ ಸಿಗುತ್ತದೆ. 1968ರ ಕಾದಂಬರಿ. ಎಂದೋ ಸತ್ತ ಮಗ ಬೇರೆಲ್ಲೋ ಹುಟ್ಟಿದ್ದಾನೆಂದು ತಿಳಿದು ಒಬ್ಬ ತರುಣನನ್ನು ಮನೆಗೆ ಕರೆತರುತ್ತಾರೆ. ಮುದಿ ತಂದೆತಾಯಿಗೆ ಮಗ ಮರಳಿ ಸಿಕ್ಕ; ಅದಕ್ಕೆ ಊರು ತಲೆದೂಗುತ್ತದೆ. ಅವನು ಮಗನೇ ಆದರೆ, ಅದೇ ಮನೆಯ ಮೂಲೆಯಲ್ಲಿ ವೈಧವ್ಯ ಕಳೆಯುತ್ತಿರುವ ಸೊಸೆ ಅವನಿಗೆ ಏನಾಗಬೇಕು? ಆಕೆ ಅವನಿಗಿಂತ ಎಷ್ಟೋ ದೊಡ್ಡವಳು. ಅವಳು ಅವನನ್ನು ಗಂಡನೆಂದು ಒಪ್ಪಿಕೊಂಡೊಡನೆ, ನಿನ್ನೆವರೆಗೆ ಪುನರ್ಜನ್ಮವನ್ನು ನಂಬುತ್ತಿದ್ದ ಜನರ ನಂಬಿಕೆ ಹೊಸ್ತಿಲಲ್ಲಿ ಎಡವುತ್ತದೆ. ಗಿರೀಶ ಕಾಸರವಳ್ಳಿ 2006ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಮರುಹುಟ್ಟು ನಿಜವೇ ಎಂಬ ತರ್ಕವನ್ನು ಪಕ್ಕಕ್ಕಿಟ್ಟು, ಆ ಹೆಂಗಸಿನ ಆಯ್ಕೆಯ ಕಡೆ ಕ್ಯಾಮೆರಾ ತಿರುಗಿಸಿದರು. ಪವಿತ್ರಾ ಲೋಕೇಶ್ ಆ ಪಾತ್ರದಲ್ಲಿದ್ದರು.

ಪುನರ್ಜನ್ಮದ ಪ್ರೇಮ ಕನ್ನಡದಲ್ಲಿ ಇಷ್ಟು ಗಟ್ಟಿಯಾಗಿ ಮತ್ತೆಲ್ಲೂ ಪರೀಕ್ಷೆಗೊಳಗಾಗಿಲ್ಲ ಎನ್ನಬಹುದು. ವಿಧವೆ ಮತ್ತೊಬ್ಬನನ್ನು ಬಯಸಿದರೆ ಸಹಿಸದ ಊರಿನಲ್ಲಿ, ಅವನು ಮತ್ತೊಬ್ಬನಲ್ಲ, ಮೊದಲಿನವನೇ ಎನ್ನುವುದೊಂದ್ದೇ ಅವಳಿಗೆ ತೆರೆದಿದ್ದ ಬಾಗಿಲು. ಮಹಾಶ್ವೇತೆ ಸರೋವರದ ದಡದಲ್ಲಿ ಕಾದಳು, ಇವಳು ಅಡುಗೆಮನೆಯಲ್ಲಿ. ಮಹಾಶ್ವೇತೆಗೆ ಬಂದವನ ಗುರುತು ಸಿಗಲಿಲ್ಲ. ಇವಳು ಗುರುತು ಸಿಕ್ಕಿತೋ ಇಲ್ಲವೋ ಎಂದು ಯೋಚಿಸುತ್ತ ಕೂರದೆ, ಸಿಕ್ಕಿತು ಎಂದು ಬದುಕಿದಳು. ಮೆಟ್ರೊದಲ್ಲಿ ಜನ್ಮಜನ್ಮಾಂತರದ ಧಾರಾವಾಹಿ ಓದುವವರು ಇದನ್ನೊಮ್ಮೆ ಕೈಗೆತ್ತಿಕೊಳ್ಳಬೇಕು. ಕಾಡುಗೋಡಿಯಿಂದ ಮೆಜೆಸ್ಟಿಕ್ಕಿಗೆ ಒಂದು ಗಂಟೆಯ ಆಸುಪಾಸು, ವಾರದೊಳಗೆ ಮುಗಿಯುತ್ತದೆ.

ಕಾಡುಗೋಡಿ ನೋಡಲು ಹೋಗುವವರು ಭಾನುವಾರ ಬೆಳಿಗ್ಗೆ ಹೋಗುವುದು ಲೇಸು. ಉಳಿದ ದಿನಗಳಲ್ಲಿ ಹೋಪ್‌ಫಾರ್ಮ್ ಸರ್ಕಲ್ಲಿನ ವಾಹನಗಳ ನಡುವೆಯೇ ಒಂದು ಜನ್ಮ ಕಳೆದುಹೋಗುತ್ತದೆ. ಒಂದು ನಿಲ್ದಾಣ ಮುಂಚೆ, ಹೋಪ್‌ಫಾರ್ಮ್ ಚನ್ನಸಂದ್ರದಲ್ಲೇ ಇಳಿದು ನಡೆದರೂ ಆದೀತು. ಅದಕ್ಕೂ ಹಿಂದಿನ ನಿಲ್ದಾಣದ ಹೆಸರು ಕಾಡುಗೋಡಿ ಟ್ರೀ ಪಾರ್ಕ್. ಅಲ್ಲಿ ಮರಗಳ ನೆರಳಿದೆ. ದೇವಸ್ಥಾನಕ್ಕೆ ಬೆಳಗಿನ ಪೂಜೆಯ ಹೊತ್ತಿಗೆ ಹೋಗಬೇಕು. ಊರಿನ ಹಿರಿಯರನ್ನು ಕೇಳಿದರೆ ದಾರಿ ತೋರಿಸುತ್ತಾರೆ; ವೈಟ್‌ಫೀಲ್ಡ್ ಎನ್ನದೆ ಕಾಡುಗೋಡಿ ಎಂದೇ ಕೇಳಿದರೆ ಇನ್ನಷ್ಟು ಪ್ರೀತಿಯಿಂದ ತೋರಿಸಿಯಾರು. ಶಾಸನ ಹಳೆಯ ತಮಿಳಿನದು. ಓದಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.